ಗೊತ್ತಣ್ಣ ಕಾವಿಗೆ ಕೂತದ್ದು

ನಮ್ಮ ಎದುರು ಮನೆಯವನಿಗೆ ಗೊತ್ತಣ್ಣ ಎಂದು ಹೆಸರಿಟ್ಟವರು ಯಾರೋ ಯಾರಿಗೂ ತಿಳಿಯದು. ಅವನನ್ನೇ ಕೇಳಿದರೆ 'ಗೊತ್ತು' ಎನ್ನುತ್ತಾನೆ. ಆದ್ದರಿಂದ ಕೇಳುವ ಗೋಜಿಗೆ ಯಾರೂ ಹೋಗಿಲ್ಲ. ಅವನ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಹೊರಟದ್ದನ್ನು ಕೇಳಿದವರು ನಮ್ಮ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಬೀದಿಯಲ್ಲಿ ಯಾರಾದರೂ ಪೋಸ್ಟಾಫೀಸಿಗೆ ದಾರಿ ಕೇಳಿದರೆ ಸಾಕು, ಕೈಹಿಡಿದು ತಿರುವಿನವರೆಗೂ ಹೋಗಿ ಬಿಟ್ಟು ಬರುತ್ತಿದ್ದ. ಹಾಗೆ ಅವನು ದಾರಿ ತೋರಿಸಿದ ಒಬ್ಬ ಮುದುಕರು ಪೋಸ್ಟಾಫೀಸಿನ ಬದಲು ಈಜುಕೊಳ ತಲುಪಿ, ಬಂದದ್ದೇ ಬಂದಾಯಿತೆಂದು ಈಜು ಕಲಿತು, ಈಗ ಅವರ ಬೆನ್ನುನೋವು ವಾಸಿಯಾಗಿದೆ ಎಂದು ಸುದ್ದಿ. ಗೊತ್ತಣ್ಣ ಕೆಟ್ಟವನಲ್ಲ. ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ಅವನಿಂದ ಆಗದು, ಅಷ್ಟೇ.

ಅವನ ಕೆಲಸ ಮೊಟ್ಟೆ ಗೋದಾಮಿನಲ್ಲಿ. ಅಲ್ಲೊಂದು ಕತ್ತಲೆ ಕೋಣೆ, ಕೋಣೆಯಲ್ಲೊಂದು ತೂತಿನ ಡಬ್ಬ, ಡಬ್ಬದೊಳಗೆ ದೀಪ. ತೂತಿಗೆ ಮೊಟ್ಟೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಒಳಗಿನದೆಲ್ಲ ಕಾಣುತ್ತದೆ: ಹೊಸದು, ಹಳೆಯದು, ಬಿರುಕಿನದು, ಕೆಟ್ಟದ್ದು. ಆ ಕತ್ತಲೆಯಲ್ಲಿ ಕೂತಿರುವಷ್ಟು ಹೊತ್ತು ಅವನು ಹೇಳಿದ್ದು ತಪ್ಪಿದ್ದಿಲ್ಲ. ತೊಂದರೆ ಶುರುವಾಗುವುದು ಅವನು ಬೆಳಕಿಗೆ ಬಂದ ಮೇಲೆ.

ಹೋದ ವರ್ಷ ಈ ಗೊತ್ತಣ್ಣನಿಗೆ ಮದುವೆಯಾಯಿತು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಾಳೆ. ದಿನವಿಡೀ ಬಾಯಿ ತೆರೆದು ಕೂತವರನ್ನೇ ನೋಡಿ ಬೇಸತ್ತಿದ್ದರಿಂದಲೋ ಏನೋ, ತಾನು ಬಾಯಿ ತೆರೆಯುವುದು ಕಡಿಮೆ. ಆಕೆಗೆ ಮೊದಲ ಮದುವೆಯ ಮಗಳೊಬ್ಬಳಿದ್ದಾಳೆ, ಮೂರನೇ ಕ್ಲಾಸು. ಆ ಮಗುವಿನ ಅಪ್ಪ, ಅದಿನ್ನೂ ತೊಟ್ಟಿಲಲ್ಲಿರುವಾಗಲೇ, ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ. ಹಡಗು ಎಷ್ಟೋ ಸಲ ದಡಕ್ಕೆ ಬಂತಂತೆ. ಅವನು ಬರಲಿಲ್ಲ.

ಹುಡುಗಿಗೆ ನಾವೆಲ್ಲ ವಕೀಲಮ್ಮ ಎನ್ನುತ್ತೇವೆ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಹಾಕುತ್ತಾಳೆ. ಆದರೆ ಗೊತ್ತಣ್ಣನನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ. ಏನೆಂದೂ ಕರೆಯುತ್ತಲೂ ಇರಲಿಲ್ಲ. ಅಪ್ಪ ಅನ್ನಲಿಲ್ಲ, ಅಂಕಲ್ ಅನ್ನಲಿಲ್ಲ. ಅವನನ್ನು ಕರೆಯಲೇಬೇಕಾಗಿ ಬಂದರೆ, ಅವನಿರುವ ಕಡೆಗೆ ಬಂದು ಎದುರಿಗೆ ನಿಂತು ಕಾಯುತ್ತಿದ್ದಳು. ಇದನ್ನೆಲ್ಲ ನಾನು ಹೇಗೆ ಬಲ್ಲೆ ಎಂದು ಕೇಳಬೇಡಿ. ನನ್ನದು ಕನ್ನಡಕದ ಅಂಗಡಿ, ನೋಡುವುದೇ ನನ್ನ ಕಸುಬು. ಮೇಲಾಗಿ ಅವರ ಬಾಗಿಲು ನಮ್ಮ ಕಿಟಕಿಗೆ ನೇರವಾಗಿದೆ.

ಇಂಥ ವಕೀಲಮ್ಮ ಒಂದು ಸಂಜೆ ತಾನಾಗಿ ಬಂದು, ಚಪ್ಪಲಿ ಬಿಡುತ್ತಿದ್ದ ಗೊತ್ತಣ್ಣನ ಮುಂದೆ ನಿಂತಳು. ಅವಳ ಕ್ಲಾಸಿನ ಮೇಡಮ್ಮಿನದು ಒಂದು ಪದ್ಧತಿ. ಮೇಜಿನ ಮೇಲೆ ಎರಡು ಬಿಸ್ಕತ್ತಿನ ಡಬ್ಬ ಇಡುತ್ತಾರೆ; ಒಂದರಲ್ಲಿ ನೆಲದ ಪ್ರಾಣಿಗಳ ಚೀಟಿ, ಇನ್ನೊಂದರಲ್ಲಿ ನೀರಿನ ಪ್ರಾಣಿಗಳ ಚೀಟಿ. ಪ್ರತಿ ಮಗುವೂ ಒಂದೊಂದು ಎತ್ತಿ, ತಿಂಗಳೊಳಗೆ ಆ ಎರಡನ್ನೂ ಹೋಲಿಸಿ, ಏನು ವ್ಯತ್ಯಾಸ, ಏನು ಸಾಮ್ಯ ಎಂದು ಎಲ್ಲರೆದುರು ಹೇಳಬೇಕು. ಪಕ್ಕದ ಬೆಂಚಿನವಳಿಗೆ ಮೊಲ ಮತ್ತು ಮೀನು ಬಂದವು, ಪಾರಾದಳು. ನಮ್ಮ ವಕೀಲಮ್ಮನಿಗೆ ಬಂದದ್ದು ಬಂಗಾರದ ಫೆಸೆಂಟ್ ಎಂಬ ಪಕ್ಷಿ ಮತ್ತು ಆಲಿವ್ ರಿಡ್ಲಿ ಎಂಬ ಕಡಲಾಮೆ.

"ಬಂಗಾರದ ಫೆಸೆಂಟ್ ಗೊತ್ತಾ?" ಎಂದಳು.

"ಗೊತ್ತು. ಕೋಳಿನೇ ಅಂತ ಇಟ್ಕೋ. ಸಂಬಳ ಸ್ವಲ್ಪ ಜಾಸ್ತಿ."

"ಆಲಿವ್ ರಿಡ್ಲಿ?"

"ಅದೂ ಗೊತ್ತು. ಸ್ವಂತ ಮನೆ ಇರೋ ಪ್ರಾಣಿ. ಬಾಡಿಗೆ ಚಿಂತೆ ಇಲ್ಲ."

"ವ್ಯತ್ಯಾಸ ನಾನೇ ಹುಡುಕಿದೀನಿ. ಒಂದಕ್ಕೆ ರೆಕ್ಕೆ, ಒಂದಕ್ಕೆ ಚಿಪ್ಪು. ಒಂದು ಕಾಡಲ್ಲಿರುತ್ತೆ, ಒಂದು ಸಮುದ್ರದಲ್ಲಿ. ಒಂದರ ಮೈಮೇಲೆ ಕೆಂಪು, ಹಳದಿ, ನೀಲಿ ಎಲ್ಲ ಇದೆ, ಇನ್ನೊಂದು ಬೂದಿ ಬಣ್ಣ. ಸಾಮ್ಯ ಮಾತ್ರ ಏನೂ ಸಿಗ್ತಿಲ್ಲ."

ಗೊತ್ತಣ್ಣ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಯೋಚಿಸಿದ. "ಎರಡೂ ಮೊಟ್ಟೆ ಇಡ್ತವೆ," ಎಂದ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೊಟ್ಟೆ ಎಂದ ಕೂಡಲೇ ಅವನಿಗೆ ತವರುಮನೆಗೆ ಬಂದಷ್ಟು ಧೈರ್ಯ ಬಂತು.

"ಮೊಟ್ಟೆ ಅಂದ್ರೆ ನನ್ನ ವಿಷಯ," ಎಂದ. "ಆ ಎರಡು ಮೊಟ್ಟೇನೂ ದಿನಾ ಕೈಯಲ್ಲಿ ಹಿಡೀತೀನಿ."

"ತಂದು ತೋರಿಸ್ತೀರಾ?"

"ಅದಕ್ಕೇನಂತೆ, ನಾಳೆ ತರ್ತೀನಿ."

ಬೇಲಿ ಮೇಲಿನ ಓತಿಕ್ಯಾತವನ್ನು ಕರೆದು ಕಿವಿಗೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದು ಇದೇ. ಮರುದಿನ ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದು, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಸಿದು ಕೂತ. ಜೇಬಿನಿಂದ ಒಂದು ಮೊಟ್ಟೆ ತೆಗೆದ. ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣ. ಯಾವುದೋ ತೋಟದಿಂದ ಬಂದ ಬುಟ್ಟಿಯಲ್ಲಿ ಇದೊಂದು ಬೇರೆ ಥರ ಇತ್ತಂತೆ. ಏನೆಂದು ಕೇಳಿದ್ದಕ್ಕೆ ತಂದವನು 'ಅದ್ಯಾವುದೋ' ಎಂದನಂತೆ.

"ಇದು ಫೆಸೆಂಟ್," ಎಂದ ಗೊತ್ತಣ್ಣ.

"ಹೇಗೆ ಗೊತ್ತು?"

"ಕೋಳೀದಲ್ಲ ಅಂದ್ಮೇಲೆ ಇನ್ನೇನು? ಅದು ಬಿಡಿ, ಆಮೆ ಮೊಟ್ಟೆ ಹೇಗಿರುತ್ತೆ?"

ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಬೆಳ್ಳಗೆ, ಗುಂಡಗೆ, ಟೇಬಲ್ ಟೆನಿಸ್ ಚೆಂಡಿನ ಹಾಗೆ ಇರುತ್ತದೆ ಎಂದು. ಹೇಳಿ ಮುಗಿಸುವುದರೊಳಗೆ ಅವನು ಎದ್ದು, ಎದುರಿನ ಆಟದ ಸಾಮಾನಿನ ಅಂಗಡಿಗೆ ಹೋಗಿ ಬಂದಿದ್ದ. ನನ್ನ ಕನ್ನಡಕ ಒರೆಸುವ ದ್ರಾವಣದಿಂದಲೇ ಚೆಂಡಿನ ಮೇಲಿನ ಅಕ್ಷರಗಳನ್ನು ಉಜ್ಜತೊಡಗಿದ.

"ಸಿಗಲಿಲ್ಲ ಅಂತ ಹೇಳಿಬಿಡು ಮಾರಾಯ," ಎಂದೆ. "ಮಗು ಏನು ನಿನ್ನನ್ನ ನೇಣಿಗೆ ಹಾಕುತ್ತಾ?"

ಅವನು ಉಜ್ಜುವುದನ್ನು ನಿಲ್ಲಿಸಿದ. "ಒಂದು ವರ್ಷದಲ್ಲಿ ಉಪ್ಪು ಈಚೆ ಕೊಡಿ ಅಂತಾನೂ ಕೇಳಿದವಳಲ್ಲ. ಇದೇ ಮೊದಲ್ನೇ ಸಲ ನನ್ನ ಹತ್ರ ಏನೋ ಬೇಕು ಅಂದಿದಾಳೆ. ಇಲ್ಲ ಅಂದ್ರೆ ಮತ್ತೆ ಕೇಳ್ತಾಳಾ?"

ನಾನು ಒರೆಸಲು ಒಂದು ಹೊಸ ಬಟ್ಟೆ ಕೊಟ್ಟೆ.

ಹುಡುಗಿ ನೋಡುತ್ತಾಳೆ, ಸಂತೋಷಪಡುತ್ತಾಳೆ, ಆಮೇಲೆ ಮೊಟ್ಟೆಗಳನ್ನು ಗೋದಾಮಿಗೆ ವಾಪಸ್ ಕೊಡಬೇಕೆಂದು ಹೇಳಿ ಮುಗಿಸಿಬಿಡುವುದು ಎಂದು ಗೊತ್ತಣ್ಣ ಲೆಕ್ಕ ಹಾಕಿದ್ದ. ವಕೀಲಮ್ಮ ನೋಡಿದಳು. ನೋಡಿ, "ಮರಿ ಮಾಡೋಣ," ಎಂದಳು. "ಮರಿ ನೋಡಿದ್ಮೇಲೆ ಸಾಮ್ಯ ಸಿಗಬಹುದು." ಚಪ್ಪಲಿ ಡಬ್ಬದಲ್ಲಿ ಹತ್ತಿ ಹಾಸಿ, ಮೇಲೊಂದು ಬಲ್ಬು ಇಳಿಬಿಟ್ಟು ಫೆಸೆಂಟಿಗೆ ಮನೆಯಾಯಿತು. ಬಚ್ಚಲಿನ ನೀಲಿ ಬಕೆಟ್ಟಿಗೆ ಮರಳು ತುಂಬಿ ಕಡಲಾಮೆಗೆ ಮನೆಯಾಯಿತು. ಮೊಟ್ಟೆಯನ್ನು ಆಗಾಗ ಹೊರಳಿಸಬೇಕು, ಹತ್ತಿರ ಒಂದು ಬಟ್ಟಲು ನೀರಿಡಬೇಕು, ಮರಳಿಗೆ ನೀರು ಚಿಮುಕಿಸಬೇಕು. ಅವಳು ಶಾಲೆಯಲ್ಲಿರುವಾಗ, ಅವಳಮ್ಮ ಕ್ಲಿನಿಕ್ಕಿನಲ್ಲಿರುವಾಗ ಇದನ್ನೆಲ್ಲ ಯಾರು ಮಾಡಬೇಕು? ಗೊತ್ತಣ್ಣ ಗೋದಾಮಿನ ಊಟದ ಬಿಡುವಿನಲ್ಲಿ ಓಡಿ ಬರತೊಡಗಿದ.

ಬೆಳಗ್ಗೆ ಮೊಟ್ಟೆ ಹೊರಳಿಸುವನು, ಚೆಂಡಿಗೆ ನೀರು ಚಿಮುಕಿಸುವನು. ಮಧ್ಯಾಹ್ನ ಬೆವರು ಸುರಿಸುತ್ತ ಬಂದು ಮತ್ತೆ ಮೊಟ್ಟೆ, ಮತ್ತೆ ಚೆಂಡು. ಮನೆಯಲ್ಲಿ ಯಾರೂ ಇಲ್ಲದಿರುವಾಗಲಾದರೂ ಚೆಂಡನ್ನು ಬಿಟ್ಟುಬಿಡಬಹುದಲ್ಲ ಎಂದು ಕೇಳಿದೆ. "ಒಂದಕ್ಕೆ ಮಾಡಿ ಒಂದಕ್ಕೆ ಮಾಡದೆ ಇದ್ರೆ ಹೇಗೆ?" ಎಂದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ, ಚೆಂಡಿಗೆ ಬಾಣಂತನ ಮಾಡಿದವನನ್ನು ಇವನೊಬ್ಬನನ್ನೇ ಕಂಡದ್ದು.

ಒಂದು ಸಂಜೆ ಕರೆಂಟು ಹೋಯಿತು. ಬಲ್ಬು ಆರಿತು. ಗೊತ್ತಣ್ಣ ಫೆಸೆಂಟ್ ಮೊಟ್ಟೆಯನ್ನು ಉಣ್ಣೆ ಟೋಪಿಯಲ್ಲಿಟ್ಟು, ಟೋಪಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದು, ಅಲ್ಲಾಡದೆ ಬಾಗಿಲ ಮೆಟ್ಟಿಲ ಮೇಲೆ ಕೂತ. ಸೊಳ್ಳೆ ಕಚ್ಚಿದರೂ ಕೈ ಎತ್ತಲಿಲ್ಲ. ವಕೀಲಮ್ಮ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು.

"ಫೆಸೆಂಟ್ ಅಮ್ಮ ಹೀಗೇ ಕೂರುತ್ತಂತೆ," ಎಂದಳು. "ಎದ್ದು ಹೋಗೋದೇ ಅಪರೂಪವಂತೆ. ಆಮೆ ಹಾಗಲ್ಲ. ಮರಳಲ್ಲಿ ಮೊಟ್ಟೆ ಮುಚ್ಚಿಟ್ಟು ಹೊರಟುಹೋಗುತ್ತೆ. ಹಾಗಿದ್ರೆ ಅದಕ್ಕೆ ಕಾವು ಯಾರು ಕೊಡ್ತಾರೆ?"

"ಆಮೆ ಎಲ್ಲೋ ದೂರ ಸಮುದ್ರದಲ್ಲಿ ಕೂತು ತನ್ನ ಮೊಟ್ಟೆಗಳನ್ನ ನೆನೆಸ್ಕೊಳ್ತಾ ಇರುತ್ತಂತೆ. ಆ ನೆನಪಿನ ಕಾವಿಗೇ ಮರಿ ಆಗುತ್ತೆ ಅಂತ ಹಳಬರು ಹೇಳ್ತಾರೆ."

ಹುಡುಗಿ ಅವನ ಅಂಗಿಯ ಉಬ್ಬನ್ನು ನೋಡಿದಳು. ಆಮೇಲೆ, "ದೂರ ಹೋದವರು ನೆನೆಸ್ಕೊಳ್ತಾರಾ?" ಎಂದು ಕೇಳಿದಳು.

"ನೆನೆಸ್ಕೊಳ್ತಾರೆ."

"ಗೊತ್ತಾ?"

"ಗೊತ್ತು," ಎಂದ ಗೊತ್ತಣ್ಣ.

ಅವನು ಹೇಳಿದ ಸುಳ್ಳುಗಳನ್ನೆಲ್ಲ ನಾನು ಗೇಲಿ ಮಾಡಿದ್ದೇನೆ. ಇದೊಂದನ್ನು ಮಾಡಲಾರೆ. ಕರೆಂಟು ಬಂದಾಗ ನಾನು ಕಿಟಕಿಯಿಂದ ಸರಿದು ಒಳಗೆ ಹೋದೆ.

ಎಲ್ಲ ಹೀಗೇ ಸಾಗುತ್ತಿತ್ತೇನೋ, ಆದರೆ ಒಂದು ಭಾನುವಾರ ಬೆಳಗ್ಗೆ ದೊಡ್ಡಮ್ಮ ಬಂದಳು. ದೊಡ್ಡಮ್ಮ ಎಂದರೆ ಗೊತ್ತಣ್ಣನ ಹೆಂಡತಿಯ ಅಕ್ಕ. ಕೆಲಸ ಗ್ರಂಥಾಲಯದಲ್ಲಿ, ಮಾತಾಡುವವರನ್ನು ಸುಮ್ಮನಿರಿಸುವುದು. ಅಲ್ಲಿ ಉಳಿಸಿದ ಮಾತನ್ನೆಲ್ಲ ತಂದು ನಮ್ಮ ಮೆಟ್ಟಿಲಲ್ಲಿ ಖರ್ಚು ಮಾಡುತ್ತಾಳೆ. ತಂಗಿ ಈ ಮೊಟ್ಟೆಯವನನ್ನು ಮದುವೆಯಾದದ್ದು ಅವಳಿಗೆ ಮೊದಲಿನಿಂದಲೂ ಸರಿಬಂದಿಲ್ಲ. ಮಗು ಆ ಮನೆಯಲ್ಲಿ ಹೊಂದಿಕೊಳ್ಳುವುದಿಲ್ಲ, ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದು ಬಂದಾಗಲೆಲ್ಲ ಹೇಳುತ್ತಾಳೆ. ಮಗು ಗೊತ್ತಣ್ಣನನ್ನು ಏನೆಂದೂ ಕರೆಯದೆ ಇರುವುದು ಅವಳ ಕೈಗೆ ಸಿಕ್ಕ ದೊಡ್ಡ ಸಾಕ್ಷಿ.

ಬಚ್ಚಲಿಗೆ ಕೈಕಾಲು ತೊಳೆಯಲು ಹೋದವಳು ಬಕೆಟ್ಟು ನೋಡಿದಳು. "ಇದೇನು ಮರಳು?"

"ಅದರಲ್ಲಿ ಕಡಲಾಮೆ ಮೊಟ್ಟೆ ಇದೆ ಅಕ್ಕ," ಎಂದ ಗೊತ್ತಣ್ಣ ಹೆಮ್ಮೆಯಿಂದ. ಮಗು ಪಕ್ಕದಲ್ಲೇ ನಿಂತಿತ್ತು, ಬೇರೆ ಏನು ಹೇಳಲು ಸಾಧ್ಯ?

ದೊಡ್ಡಮ್ಮ ಮೆಟ್ಟಿಲಿಗೆ ಬಂದು ಅದನ್ನೇ ಇನ್ನೊಂದು ಸಲ, ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಕೆಳಗಿನ ಮನೆಯಲ್ಲಿ ನಿವೃತ್ತ ಪೊಲೀಸ್ ದಫೇದಾರರು ಷೂ ಪಾಲಿಶ್ ಮಾಡುತ್ತಿದ್ದರು. ನಿವೃತ್ತರಾದ ಮೇಲೂ ಅವರು ದಿನಾ ಷೂ ಪಾಲಿಶ್ ಮಾಡುತ್ತಾರೆ. ಒಂದು ಕೈಯಲ್ಲಿ ಬ್ರಷ್ ಹಿಡಿದುಕೊಂಡೇ ಮೇಲೆ ಬಂದರು.

"ಕಡಲಾಮೆ ಅಂದ್ರಾ? ಸಂರಕ್ಷಿತ ಪ್ರಾಣಿ. ಮೊಟ್ಟೆ ಮುಟ್ಟಿದ್ರೂ ಅಪರಾಧ. ಜಾಮೀನು ಸಿಗೋದು ಕಷ್ಟ."

"ಸ್ವಲ್ಪ ಮೆತ್ತಗೆ ಮಾತಾಡಿ, ಮೊಟ್ಟೆಗೆ ತೊಂದರೆ ಆಗುತ್ತೆ," ಎಂದ ಗೊತ್ತಣ್ಣ.

"ನಾನು ಸುಮ್ನಿದ್ರೆ ನನ್ನ ಮೂವತ್ತು ವರ್ಷದ ಸರ್ವಿಸಿಗೆ ಮಸಿ. ನೀವು ಒಳ್ಳೆಯವರು, ನಿಜ. ಆದ್ರೆ ಫೋನ್ ಮಾಡಲೇಬೇಕು, ಬೇಜಾರು ಮಾಡ್ಕೋಬೇಡಿ." ದಫೇದಾರರು ವನ್ಯಜೀವಿ ಇಲಾಖೆಗೆ ಫೋನ್ ಮಾಡಿ, ಹಿಂದಿರುಗಿ ಬರುವಾಗ ತಮ್ಮ ದಪ್ಪ ಕಂಬಳಿ ತಂದರು. "ಲಾಕಪ್ಪಲ್ಲಿ ನೆಲ ತಣ್ಣಗಿರುತ್ತೆ. ಇದನ್ನ ಇಟ್ಕೊಳ್ಳಿ," ಎಂದರು.

ಸುದ್ದಿ ಮಹಡಿಯಿಂದ ಮಹಡಿಗೆ ಹೋಯಿತು. ಇಲಿ ಎಂದರೆ ಹುಲಿ ಎನ್ನುವ ಕಟ್ಟಡ ನಮ್ಮದು. ಮೂರನೇ ಮಹಡಿ ತಲುಪುವಾಗ ಬಚ್ಚಲಿನಲ್ಲಿ ಆಮೆಯೇ ಇತ್ತು, ತಾರಸಿಯ ನೀರಿನ ಟ್ಯಾಂಕಿಗೆ ಬರುವಾಗ ಅದು ಒಬ್ಬರನ್ನು ಕಚ್ಚಿಯೂ ಇತ್ತು. ಕಟ್ಟಡದ ಯಜಮಾನಿ ಮೆಟ್ಟಿಲು ಹತ್ತಿ ಬಂದು, "ಆಮೆ ಎಷ್ಟು ವರ್ಷ ಬದುಕುತ್ತೆ?" ಎಂದು ಕೇಳಿದರು.

"ನಮಗಿಂತ ಜಾಸ್ತಿ," ಎಂದ ಗೊತ್ತಣ್ಣ.

"ಹಾಗಾದ್ರೆ ಮುಂದಿನ ಬಾಡಿಗೆ ಕರಾರು ಅದರ ಹೆಸರಲ್ಲೇ ಮಾಡೋಣ. ನೀವಾದ್ರೆ ಆಗಾಗ ಮನೆ ಬದಲಾಯಿಸ್ತೀರಿ."

ದೊಡ್ಡಮ್ಮನಿಗೆ ನಗುವ ಮನಸ್ಸಿರಲಿಲ್ಲ. ತಂಗಿಯ ಮುಂದೆ ನಿಂತಳು. "ನೋಡು, ಲೆಕ್ಕ ಸರಳ. ಆ ಬಕೆಟ್ಟಲ್ಲಿರೋದು ಆಮೆ ಮೊಟ್ಟೆ ಆದ್ರೆ ನಿನ್ನ ಗಂಡ ಕಳ್ಳಸಾಗಣೆ ಮಾಡೋನು. ಅಲ್ಲ ಅಂದ್ರೆ ಸುಳ್ಳುಗಾರ. ಎರಡರಲ್ಲಿ ಯಾವುದೇ ಆದ್ರೂ, ಮಗು ಈ ಮನೇಲಿ ಇರೋದು ಬೇಡ. ಇವತ್ತೇ ಕರ್ಕೊಂಡು ಹೋಗ್ತೀನಿ. ಒಬ್ಬ ಸುಳ್ಳು ಹೇಳಿ ಹೋದ, ಸಾಕು."

ತಂಗಿ ಗಂಡನ ಮುಖ ನೋಡಿದಳು. ವಕೀಲಮ್ಮ ಬಚ್ಚಲ ಬಾಗಿಲಿಗೆ ಒರಗಿ ನಿಂತು ಎಲ್ಲರನ್ನೂ ನೋಡುತ್ತಿದ್ದಳು. ಗೊತ್ತಣ್ಣನ ಸ್ಥಿತಿ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನದು. ಉಗುಳಿದರೆ ಮಗುವಿನ ಮುಂದೆ ಸುಳ್ಳುಗಾರ, ನುಂಗಿದರೆ ಜೈಲು.

ಮಧ್ಯಾಹ್ನ ಅಧಿಕಾರಿ ಬಂದರು. ಜೋರು ನೆಗಡಿಯಾಗಿದ್ದ, ಮೂಗು ಕೆಂಪಾಗಿದ್ದ, ಭಾನುವಾರ ಹಾಳಾದ ಮನುಷ್ಯ. ಒಂದು ಕೈಯಲ್ಲಿ ಮುಚ್ಚಳದ ಪೆಟ್ಟಿಗೆ, ಇನ್ನೊಂದರಲ್ಲಿ ಕರವಸ್ತ್ರ. ಬಾಗಿಲಲ್ಲಿ ಅರ್ಧ ಕಟ್ಟಡ ನಿಂತಿತ್ತು. ನಾನು ಮುಂದೆಯೇ ಇದ್ದೆ. ಕನ್ನಡಕದವನಿಗೆ ಹಿಂದೆ ನಿಂತರೆ ಶೋಭೆಯಲ್ಲ.

"ಕಡಲಾಮೆ ಮೊಟ್ಟೆ ಇಟ್ಟಿರೋದು ನೀವಾ?"

"ಹೌದು ಸರ್."

"ಎಲ್ಲಿಂದ ತಂದ್ರಿ?"

"ಸಮುದ್ರದಿಂದ."

"ಯಾವ ಸಮುದ್ರ?"

"ದೊಡ್ಡ ಸಮುದ್ರ," ಎಂದ ಗೊತ್ತಣ್ಣ.

ಅಧಿಕಾರಿ ಒಂದು ಸಲ ಸೀನಿದರು. "ನೋಡಿ, ಇಲ್ಲಿಂದ ಸಮುದ್ರಕ್ಕೆ ರೈಲಲ್ಲಿ ಇಡೀ ಹಗಲು ಬೇಕು. ನೀವು ಹೋಗಿದ್ರಾ, ಯಾರಾದ್ರೂ ತಂದುಕೊಟ್ರಾ? ಇದು ಹುಡುಗಾಟದ ವಿಷಯ ಅಲ್ಲ. ನಿಜವಾದ್ರೆ ನಿಮ್ಮನ್ನ ಈಗಲೇ ಕರ್ಕೊಂಡು ಹೋಗಬೇಕಾಗುತ್ತೆ."

"ನಿಜ ಹೇಳ್ರೀ," ಎಂದಳು ಹೆಂಡತಿ. ಆ ದಿನ ಅವಳು ಆಡಿದ ಮೊದಲ ಮಾತು ಅದೇ.

ಗೊತ್ತಣ್ಣ ಅವಳ ಕಡೆ ನೋಡಿದ, ನನ್ನ ಕಡೆ ನೋಡಿದ, ಕೊನೆಗೆ ವಕೀಲಮ್ಮನ ಕಡೆ ನೋಡಿದ. ಆಮೇಲೆ ದಫೇದಾರರ ಕಂಬಳಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಆಮೆ ಮೊಟ್ಟೆನೇ ಸರ್. ನಡೀರಿ. ಆದ್ರೆ ಒಂದು ಮಾತು. ಆ ಡಬ್ಬದಲ್ಲಿ ಇನ್ನೊಂದು ಮೊಟ್ಟೆ ಇದೆ. ಅದನ್ನ ಆಗಾಗ ಹೊರಳಿಸ್ತಾ ಇರಬೇಕು. ಯಾರಿಗಾದ್ರೂ ಹೇಳಿ."

ನಿಜ ಸಂಗತಿ ನನ್ನ ನಾಲಿಗೆಯ ತುದಿಯವರೆಗೆ ಬಂತು. ಆದರೆ ಅವನು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ. ಮೂರ್ಖರಿಗೂ ಮರ್ಯಾದೆ ಎಂಬುದಿದೆ.

ಅಧಿಕಾರಿ ಕೈಗವಸು ಹಾಕಿಕೊಂಡು ಬಚ್ಚಲಿಗೆ ಹೋಗಿ ಬಕೆಟ್ಟಿನ ಮುಂದೆ ಮಂಡಿಯೂರಿದರು. ಮೇಲಿನ ಮರಳನ್ನು ಬೆರಳ ತುದಿಯಿಂದ ಸರಿಸಿದರು. ಒದ್ದೆ ಮರಳು, ಎಲ್ಲ ಕಡೆಯೂ ಒಂದೇ ಹದದಲ್ಲಿ ಒದ್ದೆ. ಮೊಟ್ಟೆ ಕೈಗೆ ಬಂತು. ಎತ್ತಿ ಬೆಳಕಿಗೆ ಹಿಡಿದರು. ನಾವೆಲ್ಲ ಉಸಿರು ಹಿಡಿದೆವು. ಅಧಿಕಾರಿಯೂ ಹಿಡಿದರು, ಮೂಗು ಕಟ್ಟಿದ್ದರಿಂದ ಇರಬಹುದು. ಅವರು ಚೆಂಡನ್ನು ನೋಡಿದರು. ಕಂಬಳಿ ಹಿಡಿದು ನಿಂತ ಮನುಷ್ಯನನ್ನು ನೋಡಿದರು. ಬಚ್ಚಲ ಬಾಗಿಲಿಗೆ ಒರಗಿದ್ದ ಹುಡುಗಿಯನ್ನು ನೋಡಿದರು. ಅವರ ಮನೆಯಲ್ಲೂ ಮಕ್ಕಳಿರಬೇಕು.

"ಹ್ಞೂಂ," ಎಂದು ಗಂಟಲು ಸರಿಮಾಡಿಕೊಂಡರು. "ಇದು... ಸ್ವಲ್ಪ ಅಪರೂಪದ ಜಾತಿ. ಕಚೇರಿಗೆ ತಗೊಂಡು ಹೋಗಿ ಪರೀಕ್ಷೆ ಮಾಡಿಸಬೇಕು."

"ಅದು ಚೆಂಡು ಸರ್," ಎಂದಳು ವಕೀಲಮ್ಮ. "ಬೇಕಾದ್ರೆ ಪುಟಿಸಿ ನೋಡಿ."

ಅಧಿಕಾರಿಗೆ ಬೇರೆ ದಾರಿಯಿರಲಿಲ್ಲ. ಕೈಬಿಟ್ಟರು. ಟಕ್, ಟಕ್, ಟಕ್ ಎಂದು ಚೆಂಡು ಬಚ್ಚಲಿನಿಂದ ಹಾರಿ, ನಡುಮನೆ ದಾಟಿ, ದೊಡ್ಡಮ್ಮನ ಕಾಲ ಬಳಿ ಬಂದು ನಿಂತಿತು. ಅಷ್ಟು ಜನರ ಅಷ್ಟು ತಲೆಗಳೂ ಅದರ ಜೊತೆ ಮೇಲೆ ಕೆಳಗೆ ಆಡಿದವು.

"ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟಿ?" ಎಂದು ಅಧಿಕಾರಿ ಕೇಳಿದರು.

"ಮೊದಲ್ನೇ ದಿನಾನೇ. ಬಕೆಟ್ಟಲ್ಲಿ ಇಡುವಾಗ ಕೈಜಾರಿ ಬಿತ್ತು. ಮೊಟ್ಟೆ ಪುಟಿಯುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತ ಬಂದೆ. ಇವರು ಮರಳಿಗೆ ನೀರು ಹಾಕ್ತಿದ್ರು. ಜಾಸ್ತಿ ಬೀಳಬಾರದು ಅಂತ ಬೆರಳಲ್ಲಿ ಅದ್ದಿ ಅದ್ದಿ ಹಾಕ್ತಿದ್ರು. ಚೆಂಡು ಅಂತ ಇವರಿಗೂ ಗೊತ್ತಿತ್ತಲ್ಲ. ಆದ್ರೂ ಹಾಕ್ತಿದ್ರು. ಅದಕ್ಕೇ ಹೇಳ್ಲಿಲ್ಲ."

ಗೊತ್ತಣ್ಣ ಕಂಬಳಿಯಲ್ಲಿ ಮುಖ ಮರೆಸಿಕೊಳ್ಳುವುದೊಂದು ಬಾಕಿ. ದೊಡ್ಡಮ್ಮನಿಗೆ ಮಾತ್ರ ಗೆದ್ದ ಮುಖ. "ಕೇಳಿದ್ಯಾ? ಕಳ್ಳ ಅಲ್ಲ, ಸುಳ್ಳುಗಾರ. ಬಾ ಮಗು, ಬಟ್ಟೆ ತಗೋ, ಹೋಗೋಣ."

"ನಾನು ಬರಲ್ಲ ದೊಡ್ಡಮ್ಮ. ನಂಗೆ ಸಾಮ್ಯ ಸಿಕ್ಕಿದೆ. ಶಾಲೇಲಿ ಹೇಳಬೇಕು."

"ಏನು ಸಾಮ್ಯ?"

ವಕೀಲಮ್ಮ ಕೈ ಹಿಂದೆ ಕಟ್ಟಿ, ಕ್ಲಾಸಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

"ಗಂಡು ಫೆಸೆಂಟ್ ನೋಡೋಕೆ ತುಂಬ ಚೆನ್ನಾಗಿರುತ್ತೆ. ಕುತ್ತಿಗೆ ಸುತ್ತ ಬಂಗಾರದ ಗರಿಗಳನ್ನ ಬೀಸಣಿಗೆ ಥರ ಬಿಚ್ಚಿ ಕುಣಿಯುತ್ತೆ. ಕುಣಿದಾದ್ಮೇಲೆ ಹೋಗಿಬಿಡುತ್ತೆ, ಮೊಟ್ಟೆ ಕಡೆ ತಿರುಗಿ ನೋಡಲ್ಲ. ಗಂಡು ಆಮೆ ಒಂದ್ಸಲ ಸಮುದ್ರಕ್ಕೆ ಇಳಿದ್ರೆ ಮತ್ತೆ ದಡಕ್ಕೆ ಬರೋದೇ ಇಲ್ವಂತೆ. ಅಲ್ಲಿಗೆ ಅಪ್ಪಂದಿರು ಎರಡೂ ಒಂದೇ. ಮೊದಲು ನಾನು ಅದೇ ಸಾಮ್ಯ ಅಂದ್ಕೊಂಡೆ." ಅಧಿಕಾರಿಯ ಕಡೆ ತಿರುಗಿದಳು. "ಆಮೇಲೆ ಪುಸ್ತಕದಲ್ಲಿ ಮುಂದೆ ಇತ್ತು. ಫೆಸೆಂಟ್ ಸಾಕೋರು ಅದರ ಮೊಟ್ಟೆಗಳನ್ನ ಸಾದಾ ಕೋಳಿ ಹೊಟ್ಟೆ ಕೆಳಗೆ ಇಡ್ತಾರಂತೆ. ಅದು ಯಾರ ಮೊಟ್ಟೆ ಅಂತ ಕೇಳಲ್ಲ, ಸುಮ್ನೆ ಕಾವಿಗೆ ಕೂತ್ಕೊಳ್ಳುತ್ತಂತೆ. ಆಮೆ ಮೊಟ್ಟೆಗಳನ್ನ ಯಾರೂ ಕದೀಬಾರದು ಅಂತ ಸಮುದ್ರದ ದಡದಲ್ಲಿ ಬೇಲಿ ಹಾಕಿ ಮನುಷ್ಯರು ಕಾಯ್ತಾರಂತೆ. ಅವರು ಆಮೆಗೆ ಏನೂ ಆಗಬೇಕಾಗಿಲ್ಲ, ಆದ್ರೂ ಕಾಯ್ತಾರೆ. ಎರಡು ಮೊಟ್ಟೇನೂ ಬೇರೆಯವರು ಕಾದ್ರೂ ಮರಿ ಆಗ್ತವೆ. ಅದೇ ಸಾಮ್ಯ."

ಅಧಿಕಾರಿ ಕರವಸ್ತ್ರ ತೆಗೆದರು. ನೆಗಡಿ ಜೋರಾಗಿಯೇ ಇತ್ತು. ದಫೇದಾರರು ತಮ್ಮ ಷೂಗಳನ್ನೇ ನೋಡುತ್ತ ನಿಂತರು.

"ಇವರು ನಿಂಗೇನಾಗಬೇಕು?" ಎಂದು ಅಧಿಕಾರಿ ಗೊತ್ತಣ್ಣನ ಕಡೆ ತೋರಿಸಿ ಕೇಳಿದರು.

"ಇವರಾ? ಕಾವಿಗೆ ಕೂತಿರೋರು," ಎಂದಳು ವಕೀಲಮ್ಮ. "ದೊಡ್ಡಮ್ಮ, ಸ್ವಲ್ಪ ಆ ಕಡೆ ಸರೀತೀಯಾ? ಮೊಟ್ಟೆ ಹೊರಳಿಸೋ ಹೊತ್ತಾಯ್ತು."

ದೊಡ್ಡಮ್ಮ ಸರಿದಳು. ಅಷ್ಟು ಮಾತುಳ್ಳ ಹೆಂಗಸು ಅಂದು ನಿಜವಾದ ಗ್ರಂಥಾಲಯದವಳ ಹಾಗೆ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ ಕಾಲ ಬಳಿಯ ಚೆಂಡನ್ನು ಹೆಕ್ಕಿ, ಸೆರಗಿನಿಂದ ಮರಳು ಒರೆಸಿ, ಬಕೆಟ್ಟಿನಲ್ಲಿ ಮೊದಲಿದ್ದಲ್ಲೇ ಇಟ್ಟು ಬಂದಳು. ಗೊತ್ತಣ್ಣನ ಕಡೆ ನೋಡದೆಯೇ, "ಊಟ ಮಾಡಿದ್ರಾ ಇಲ್ವಾ?" ಎಂದು ಕೇಳಿದಳು. ಅವರ ನಡುವೆ ಆಗಿನಿಂದ ಸಂಧಾನವೆಂದು ಲೆಕ್ಕ.

ಅಧಿಕಾರಿ ಹೊರಡುವ ಮುನ್ನ ಡಬ್ಬದ ಮೊಟ್ಟೆಯನ್ನೂ ನೋಡಬೇಕೆಂದರು. ಕಿಟಕಿ ಮುಚ್ಚಿ ಕತ್ತಲು ಮಾಡಿ, ಗೊತ್ತಣ್ಣ ಟಾರ್ಚಿನ ಮೇಲೆ ಮೊಟ್ಟೆ ಹಿಡಿದ. ಒಳಗೆ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿದ್ದವು. ನಡುವೆ ಕಪ್ಪಾಗಿ ಏನೋ ಒಂದು, ಮಿಸುಕಿತು. ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಿದ್ದು ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ, ನನ್ನ ಹೊರತು.

"ಇದೂ ಚೆಂಡಲ್ಲ ತಾನೆ?" ಎಂದು ಅಧಿಕಾರಿ ಮೆಲ್ಲಗೆ ಕೇಳಿ, ಖಾಲಿ ಪೆಟ್ಟಿಗೆ ಹಿಡಿದು ಹೊರಟುಹೋದರು. ದಫೇದಾರರು ಕಂಬಳಿ ವಾಪಸ್ ಕೇಳಲಿಲ್ಲ, ಕರೆಂಟು ಹೋದಾಗ ಬೇಕಾಗುತ್ತದೆ ಎಂದರು.

ಅದಾದ ಮೇಲೆ ಇಡೀ ಕಟ್ಟಡವೇ ಬಸುರಿಯ ಮನೆಯಂತಾಯಿತು. ಮೆಟ್ಟಿಲು ಹತ್ತುವವರು ಮೆತ್ತಗೆ ಹತ್ತಿದರು. ಕಟ್ಟಡದ ಯಜಮಾನಿ ಒಂದು ಹೆಚ್ಚಿನ ಬಲ್ಬು ಕಳಿಸಿದರು. ಶಾಲೆಯಲ್ಲಿ ವಕೀಲಮ್ಮ ಸಾಮ್ಯ ಹೇಳಿದ್ದು, ಮೇಡಂ ಇನ್ನೊಂದು ಸಲ ಹೇಳಿಸಿದ್ದು ನಮಗೆಲ್ಲ ತಲುಪಿತು. ಗೊತ್ತಣ್ಣ ಮಾತ್ರ ಸ್ವಲ್ಪ ಕುಗ್ಗಿದ್ದ. ದಾರಿ ಕೇಳಿದವರಿಗೆ ದಾರಿಯನ್ನೇನೋ ಹೇಳುತ್ತಿದ್ದ, ಆದರೆ ಕೈಹಿಡಿದು ಹೋಗುತ್ತಿರಲಿಲ್ಲ. ಹುಡುಗಿ ಇನ್ನೂ ಬಂದು ಎದುರಿಗೆ ನಿಲ್ಲುವ ರೂಢಿ ಬಿಟ್ಟಿರಲಿಲ್ಲ. ಕಾವಿಗೆ ಕೂತವರು ಎಂದು ದಿನಾ ಕರೆಯಲಾಗುತ್ತದೆಯೇ?

ಒಂದು ಬೆಳಗ್ಗೆ ಅವನು ಗೋದಾಮಿಗೆ ಹೊರಟು ಬೀದಿಗೆ ಇಳಿದಿದ್ದ. ನಾನು ಬೀದಿ ಕಡೆಯ ಕಿಟಕಿಯಲ್ಲಿದ್ದೆ, ಗಾಳಿಗಾಗಿ. ಮೇಲಿನಿಂದ ಹುಡುಗಿಯ ಕೂಗು ಬಂತು.

"ಅಪ್ಪಾ, ಬೇಗ ಬಾ. ಬಿರುಕು ಬಿಟ್ಟಿದೆ."

ಬೀದಿಯಲ್ಲಿದ್ದ ನಾಲ್ಕಾರು ಅಪ್ಪಂದಿರು ತಲೆಯೆತ್ತಿ ನೋಡಿದರು. ಗೊತ್ತಣ್ಣ ನೋಡಲಿಲ್ಲ. ಅದು ತನ್ನನ್ನು ಕರೆದದ್ದೆಂದು ಅವನಿಗೆ ಹೊಳೆಯಲೇ ಇಲ್ಲ, ಮುಂದೆ ನಡೆಯುತ್ತಿದ್ದ. "ಅಪ್ಪಾ, ನಿನ್ನನ್ನೇ ಕರೀತಿರೋದು," ಎಂದು ಅವಳು ರೇಗಿದಳು. ಆಗ ನಿಂತ. ತಿರುಗಿದ. ಒಂದು ಕಾಲಿನ ಚಪ್ಪಲಿ ಬೀದಿಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದ. ಚಪ್ಪಲಿ ನಾನು ತಂದುಕೊಟ್ಟೆ. ಹಾಗೆ ನಾನೂ ಒಳಗೆ ಹೋದಂತಾಯಿತು.

ಡಬ್ಬದ ಹತ್ತಿಯ ಮೇಲೆ ಒದ್ದೆಯಾದ ಒಂದು ಜೀವ ಬಿದ್ದುಕೊಂಡಿತ್ತು. ಮೊಂಡು ರೆಕ್ಕೆ ಅಲ್ಲಾಡಿಸಿತು. ಕೊಕ್ಕು ಚಪ್ಪಟೆ. ಕಾಲು ಚಾಚಿದಾಗ ಬೆರಳ ನಡುವೆ ತೆಳುವಾದ ಚರ್ಮ ಕಂಡಿತು, ಈಜುವ ಪ್ರಾಣಿಗಳಿಗೆ ಇರುವಂಥದ್ದು. ಬಾತುಕೋಳಿ ಎಂದು ನನಗೆ ಅನ್ನಿಸಿತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

"ಅಪ್ಪಾ, ಇದಕ್ಕೆ ರೆಕ್ಕೇನೂ ಇದೆ, ನೀರಿನ ಕಾಲೂ ಇದೆ," ಎಂದಳು ವಕೀಲಮ್ಮ. "ಇದು ಫೆಸೆಂಟಾ, ಆಮೇನಾ, ಏನಿದು?"

ಗೊತ್ತಣ್ಣ ಬಾಯಿ ತೆರೆದ. ಅವನ ನಾಲಿಗೆಯ ಮೇಲೆ ಹಳೆಯ ಮಾತು ಬಂದು ಕೂತದ್ದು ನನಗೆ ಕಾಣಿಸಿತು. ಮರಿ ತಲೆಯೆತ್ತಿ ಅವನನ್ನೇ ನೋಡುತ್ತಿತ್ತು, ಹುಡುಗಿಯೂ ನೋಡುತ್ತಿದ್ದಳು.

"ಗೊತ್ತಿಲ್ಲ ಮಗಳೇ," ಎಂದ. "ದೊಡ್ಡದಾಗಲಿ, ನೋಡೋಣ."